ಶುಕ್ರವಾರಗಳು ಸವೆಸಿದ ಒಂದು ಗ್ರಾಂ

ಹಾಗಂತ ತಕ್ಕಡಿ ಮಾವ ದೇವರನ್ನೇ ಬಿಟ್ಟುಬಿಟ್ಟಿದ್ದರು ಅಂತ ಮಾತ್ರ ತಿಳಿಯಬೇಡಿ. ಅವರು ಬಿಟ್ಟಿದ್ದು ಹದಿನೆಂಟು ಮೆಟ್ಟಿಲುಗಳನ್ನು, ಅಷ್ಟೇ. ಸೈಕಲ್ ಅಂಗಡಿಯ ಪಕ್ಕದಿಂದ ಮೇಲಕ್ಕೆ ಹೋಗುವ ಮೆಟ್ಟಿಲುಗಳು ಅವು. ಏಳನೆಯದು ಒಂದು ಮೂಲೆಯಲ್ಲಿ ಒಡೆದಿದೆ. ಹತ್ತಿ ಹೋದರೆ ಉದ್ದನೆಯ ಒಂದು ಕೋಣೆ, ನಾಲ್ಕು ಬೆಂಚು, ಐದು ನಿಮಿಷ ಮುಂದಿರುವ ಒಂದು ಗೋಡೆ ಗಡಿಯಾರ. ಪ್ರತಿ ಶುಕ್ರವಾರ ಸಂಜೆ ಆರೂವರೆಗೆ ಅಲ್ಲಿ ವಿಶ್ವಾಸಿಗಳು ಸೇರುತ್ತಾರೆ. ಹೆಚ್ಚೆಂದರೆ ಹದಿನೈದು ಜನ. ಹಾಡುತ್ತಾರೆ, ಬೈಬಲ್ ವಾಕ್ಯ ಓದುತ್ತಾರೆ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುತ್ತಾರೆ. ಆ ಮೆಟ್ಟಿಲನ್ನು ಮಾವ ಹನ್ನೊಂದು ವರ್ಷ ತುಳಿಯಲಿಲ್ಲ. ಆದರೆ ಪ್ರಾರ್ಥನೆಯನ್ನು ಒಂದೇ ಒಂದು ದಿನವೂ ತಪ್ಪಿಸಲಿಲ್ಲ. ಕಥೆಯ ಸ್ವಾರಸ್ಯ ಇರುವುದೇ ಇಲ್ಲಿ.

ಮಾವನ ಕಸುಬು ತಕ್ಕಡಿ ರಿಪೇರಿ. ಎರಡು ಬಾಗಿಲಷ್ಟು ಅಗಲದ ಅಂಗಡಿ. ಒಳಗೆ ಹೆಜ್ಜೆಯಿಟ್ಟರೆ ಎಣ್ಣೆ ಮತ್ತು ಅರದ ಪುಡಿಯ ವಾಸನೆ. ಮೇಲಿನ ಕೊಕ್ಕೆಗಳಲ್ಲಿ ದೊಡ್ಡ ದೊಡ್ಡ ತಕ್ಕಡಿ ದಂಡಗಳು, ಮೂಲೆಯಲ್ಲಿ ಮೂಟೆ ತೂಗುವ, ಬೆನ್ನು ಮುರಿದ ಕಾಟಾಗಳು, ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಒಂದು ಸೂಕ್ಷ್ಮ ತಕ್ಕಡಿ. ಪಕ್ಕದಲ್ಲಿ ನಿಂತು ಜೋರಾಗಿ ಉಸಿರು ಬಿಟ್ಟರೂ ಅದರ ಮುಳ್ಳು ಅಲುಗುತ್ತದೆ, ಅದಕ್ಕೇ ಗಾಜು. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಮರದ ಪೆಟ್ಟಿಗೆ. ಒಳಗೆ ನೀಲಿ ಮಖಮಲ್ಲು, ಅದರಲ್ಲಿ ಅಚ್ಚುಕಟ್ಟಾಗಿ ಕೂತ ಹಿತ್ತಾಳೆಯ ತೂಕದ ಬಟ್ಟುಗಳು, ಒಂದು ಕಿಲೋದಿಂದ ಹಿಡಿದು ಒಂದು ಗ್ರಾಂವರೆಗೆ. ಊರಿನ ನಲವತ್ತಾರು ಅಂಗಡಿಗಳ ಕಬ್ಬಿಣದ ಬಟ್ಟುಗಳು ವರ್ಷಕ್ಕೊಮ್ಮೆ ಇಲ್ಲಿಗೆ ಬಂದು ಈ ಹಿತ್ತಾಳೆ ಬಟ್ಟುಗಳ ಎದುರು ತಟ್ಟೆಯಲ್ಲಿ ಕೂರಬೇಕು. ಕಡಿಮೆ ಬಿದ್ದರೆ ಮಾವ ಅವುಗಳ ಅಡಿಯ ತೂತಿಗೆ ಚೂರು ಸೀಸ ತುಂಬುತ್ತಾರೆ, ಹೆಚ್ಚಾದರೆ ಕೆರೆದು ತೆಗೆಯುತ್ತಾರೆ. ಮುಳ್ಳು ನೇರ ನಿಂತ ಮೇಲೆ ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅದೇ ಮುದ್ರೆ. ತಕ್ಕಡಿ ಮಾವ ಮುಟ್ಟಿದ ಮೇಲೆ ಮುಗೀತು, ಅನ್ನುವುದು ಊರಿನ ಮಾತು. ಯಾರಾದರೂ ತೂಕದ ಬಗ್ಗೆ ಜಗಳ ತೆಗೆದರೆ ಅಂಗಡಿಯವರು ಈ ಒಂದು ಮಾತು ಹೇಳಿ ಬಾಯಿ ಮುಚ್ಚಿಸುತ್ತಿದ್ದರು.

ಇಂಥ ಮನುಷ್ಯನಿಗೆ ಅಳತೆ ತಪ್ಪಿದ ಯಾವುದನ್ನೂ ಸಹಿಸಲಾಗುತ್ತಿರಲಿಲ್ಲ. ಅನ್ನಕ್ಕೆ ಉಪ್ಪು ಒಂದು ಹರಳು ಹೆಚ್ಚಾದರೂ ನಾಲಿಗೆಗೆ ಗೊತ್ತಾಗುತ್ತಿತ್ತು. ಅವರ ಹೆಂಡತಿ, ನಾವೆಲ್ಲ ಅತ್ತೆ ಅಂತ ಕರೆಯುವವರು, ಮದುವೆಯಾದ ಹೊಸದರಲ್ಲಿ ಈ ಮನುಷ್ಯ ನನ್ನ ನಗುವನ್ನೂ ತೂಕಕ್ಕೆ ಹಾಕುತ್ತಾನೇನೋ ಅಂತ ಹೆದರಿದ್ದರಂತೆ.

ಶುಕ್ರವಾರದ ಆ ಕೂಟ ಬಿಟ್ಟದ್ದು ಹೇಗೆ ಅಂದರೆ, ಕೇಳಿದರೆ ನಗುತ್ತೀರಿ. ಕೂಟದ ಹಿರಿಯರು ಒಬ್ಬ ಕ್ಷೌರಿಕ. ಊರಿಗೆಲ್ಲ ಕಟಿಂಗ್ ಅಣ್ಣ. ಅಂಗಡಿಯಲ್ಲಿ ಕತ್ತರಿ ಎಷ್ಟು ಚುರುಕೋ ಪ್ರಾರ್ಥನೆಯಲ್ಲಿ ನಾಲಿಗೆ ಅಷ್ಟು ನಿಧಾನ. ಒಂದು ಶುಕ್ರವಾರ ಅವರು ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರೆ ಎದುರಿಗೆ ತಕ್ಕಡಿ ಮಾವ ಕೈಗಡಿಯಾರ ಹಿಡಿದು ಕೂತಿದ್ದಾರೆ. ನಲವತ್ತು ನಿಮಿಷ ಆಯಿತು, ಇದು ಕ್ರಮವಲ್ಲ, ದೇವರಿಗೆ ಒಂದು ಸಲ ಹೇಳಿದರೆ ಸಾಲದೇ, ಅಂತ ಕೇಳಿಯೂ ಬಿಟ್ಟರು. ಕಟಿಂಗ್ ಅಣ್ಣನಿಗೆ ಮಂಡಿಯೂರಿ ಕಾಲು ಜೋಮು ಹಿಡಿದಿತ್ತು. ಆ ನೋವಿನಲ್ಲೇ, ಏನಪ್ಪಾ, ದೇವರ ಮುಂದೂ ತಕ್ಕಡಿ ಹಿಡಿದು ನಿಂತಿದ್ದೀಯಾ, ಅಂದುಬಿಟ್ಟರು. ಕೋಣೆಗೆ ಕೋಣೆಯೇ ನಕ್ಕಿತು. ಅತ್ತೆಯೂ ನಕ್ಕರು. ಮಾವನಿಗೆ ತಡೆಯಲಾಗದೆ ಹೋದದ್ದು ಅದೇ. ಎದ್ದರು, ಚಪ್ಪಲಿ ಹಾಕಿಕೊಂಡರು, ಇಳಿದು ಹೋದರು. ನಾನು ನನ್ನ ದೇವರು ಇದ್ದೇವೆ, ನಡುವೆ ಹದಿನೈದು ಜನರ ಗಲಾಟೆ ಯಾಕೆ, ಅನ್ನುವುದು ಅವರ ವಾದ. ಹಿಡಿದ ಮೊಲಕ್ಕೆ ಮೂರೇ ಕಾಲು.

ಅದೇ ವರ್ಷ ಅವರು ಇನ್ನೊಂದನ್ನೂ ಬಿಟ್ಟರು. ಸುತ್ತಲಿನ ಊರುಗಳ ತಕ್ಕಡಿ ರಿಪೇರಿಯವರು ಒಟ್ಟು ಐದು ಜನ. ವರ್ಷಕ್ಕೊಂದು ದಿನ ತಮ್ಮ ತಮ್ಮ ಪೆಟ್ಟಿಗೆ ಹೊತ್ತುಕೊಂಡು ಒಂದೆಡೆ ಸೇರಿ, ಒಬ್ಬರ ಬಟ್ಟಿನ ಎದುರು ಇನ್ನೊಬ್ಬರ ಬಟ್ಟು ಇಟ್ಟು ನೋಡುವುದು ಅವರ ಪದ್ಧತಿ. ಮಾವನಿಗೆ ಕೆಲಸ ಕಲಿಸಿದ ಗುರುಗಳು ಮೂರೇ ಮಾತು ಹೇಳಿಕೊಟ್ಟಿದ್ದರು: ಬಟ್ಟನ್ನು ಬರಿಗೈಯಲ್ಲಿ ಮುಟ್ಟಬೇಡ, ಉಜ್ಜಬೇಡ, ವರ್ಷಕ್ಕೊಮ್ಮೆ ನಾಲ್ಕು ಜನರ ಮುಂದೆ ಇಡು. ಕೂಟದಿಂದ ಎದ್ದು ಬಂದ ಬಿಸಿಯಲ್ಲೇ, ಅವರವರ ಬಟ್ಟು ಅವರವರಿಗೆ, ನನ್ನದನ್ನು ನೋಡಲು ಇವರು ಯಾರು, ಅಂದುಕೊಂಡು ಮಾವ ಅಲ್ಲಿಗೂ ಹೋಗಲಿಲ್ಲ. ಒಂದು ವರ್ಷ ತಪ್ಪಿಸಿದವರಿಗೆ ಎರಡನೆಯ ವರ್ಷ ಹೋಗಲು ಮುಖವಿರುವುದಿಲ್ಲ. ಹಾಗೇ ಹನ್ನೊಂದು ವರ್ಷ.

ಶುಕ್ರವಾರ ಸಂಜೆ ಮಾತ್ರ ಕೈ ಸುಮ್ಮನಿರುತ್ತಿರಲಿಲ್ಲ. ಆರು ಗಂಟೆಗೆ ನರ್ಸಕ್ಕ ಬರುತ್ತಿದ್ದರು. ಊರಿನ ಅರ್ಧ ಜನರನ್ನು ಹೆರಿಗೆ ಕೋಣೆಯಲ್ಲಿ ಮೊದಲು ಎತ್ತಿಕೊಂಡ ಕೈ ಅದು. ಈಗ ನಿವೃತ್ತಿಯಾಗಿದ್ದಾರೆ. ಅತ್ತೆಯನ್ನು ಕೂಟಕ್ಕೆ ಕರೆದುಕೊಂಡು ಹೋಗಲು ಬಾಗಿಲಲ್ಲಿ ನಿಂತು ಮಾವನಿಗೆ ಒಂದೇ ಮಾತು ಹೇಳುತ್ತಿದ್ದರು: "ಇವತ್ತು ಶುಕ್ರವಾರ, ತಮ್ಮ."

ಮಾವ ತಲೆಯೆತ್ತದೆ, "ಕ್ಯಾಲೆಂಡರ್ ಇದೆ, ಅಕ್ಕ," ಅನ್ನುತ್ತಿದ್ದರು.

ಅಷ್ಟೇ. ಒತ್ತಾಯವಿಲ್ಲ, ಉಪದೇಶವಿಲ್ಲ. ಮಳೆಯಾಗಲಿ, ನೆಗಡಿಯಾಗಲಿ, ಒಂದು ವಾರವೂ ಆ ಮಾತು ತಪ್ಪಲಿಲ್ಲ. ಅವರಿಬ್ಬರೂ ಹೋದ ಮೇಲೆ ಮಾವ ಬಾಗಿಲು ಅರ್ಧ ಎಳೆದು ಮರದ ಪೆಟ್ಟಿಗೆ ತೆರೆಯುತ್ತಿದ್ದರು. ಕೈಗೆ ಬಟ್ಟೆ ಸುತ್ತಿಕೊಂಡು ಒಂದೊಂದೇ ಬಟ್ಟು ತೆಗೆದು, ನಯವಾದ ಪಾಲಿಶ್ ಪುಡಿ ಹಾಕಿ, ಬಾಯಲ್ಲಿ ಪ್ರಾರ್ಥನೆ ಹೇಳುತ್ತಾ ಉಜ್ಜುತ್ತಿದ್ದರು. ಬರಿಗೈಯಲ್ಲಿ ಮುಟ್ಟಬಾರದು ಎಂಬ ಮೊದಲ ಮಾತು ನೆನಪಿತ್ತು. ಎರಡನೆಯದಕ್ಕೆ, ಇಷ್ಟು ಮೆತ್ತಗಿನ ಪುಡಿ ಏನು ಮಾಡೀತು, ಎಂಬ ಸಮಾಧಾನವಿತ್ತು. ಬಟ್ಟೆಗೆ ಹತ್ತುತ್ತಿದ್ದ ಕಪ್ಪನ್ನು ನೋಡಿ, ವಾರದ ಕೊಳೆ ಹೋಯಿತು ಅಂತ ಖುಷಿಪಡುತ್ತಿದ್ದರು. ಒಂದು ಕಿಲೋದ ಬಟ್ಟಿನಲ್ಲಿ ತಮ್ಮ ಮುಖ ಮೀಸೆಯ ಸಮೇತ ಕಾಣುವವರೆಗೂ ಬಿಡುತ್ತಿರಲಿಲ್ಲ. ಅದೇ ಅವರ ಆರಾಧನೆ. ಏಕಾಂತ, ಶುದ್ಧ, ಸಮಯಕ್ಕೆ ಸರಿಯಾಗಿ.

ಅತ್ತೆ ಮನೆಗೆ ಬಂದು ಕೂಟದ ಸಮಾಚಾರವನ್ನೆಲ್ಲ ಒಲೆಗೆ ಹೇಳುತ್ತಿದ್ದರು. ಗಂಡ ಕೇಳುವುದಿಲ್ಲವಲ್ಲ, ಅದಕ್ಕೆ. ಸೈಕಲ್ ಅಂಗಡಿಯವರ ಮಗಳಿಗೆ ಗಂಡು ಗೊತ್ತಾಯಿತು, ಬಸ್ ಕಂಡಕ್ಟರ್‌ಗೆ ಬೆನ್ನು ಹಿಡಿದಿದೆ, ಕಟಿಂಗ್ ಅಣ್ಣನ ಪ್ರಾರ್ಥನೆ ಇವತ್ತು ಐವತ್ತು ನಿಮಿಷ, ಇತ್ಯಾದಿ. ಒಲೆಯ ಕಡೆಗೆ ಮಾವನ ಕಿವಿಯೂ ತಿರುಗಿರುತ್ತಿತ್ತು ಅನ್ನುವುದು ಅತ್ತೆಗೂ ಗೊತ್ತು, ಒಲೆಗೂ ಗೊತ್ತು.

ಹೀಗಿರುವಾಗ ಒಂದು ಮಂಗಳವಾರ ಮಧ್ಯಾಹ್ನ ಅಂಗಡಿಗೆ ಒಬ್ಬಳು ಹುಡುಗಿ ಬಂದಳು. ಇಪ್ಪತ್ತಾರಿರಬಹುದು. ಹೆಗಲಲ್ಲಿ ಭಾರದ ಚೀಲ. ಪಕ್ಕದ ಊರಿನ ತಕ್ಕಡಿಯವರ ಮಗಳು. ಅಪ್ಪನಿಗೆ ಕಣ್ಣು ಮಂಜಾಗಿ ಈಗ ಕೆಲಸ ಇವಳದ್ದು. ಹೋದ ವಾರ ರಿಪೇರಿಯವರೆಲ್ಲ ಸೇರಿದ್ದಾಗ, ಆ ಐದನೆಯವರು ಬರದಿದ್ದರೆ ನಾವೇ ಅವರಲ್ಲಿಗೆ ಹೋಗೋಣ ಅಂತ ತೀರ್ಮಾನವಾಯಿತಂತೆ. ಹಾಗಾಗಿ ನಾಲ್ಕೂ ಜನರ ಒಂದೊಂದು ಕಿಲೋ ಬಟ್ಟು ಮತ್ತು ಅಪ್ಪನ ಪೂರ್ತಿ ಪೆಟ್ಟಿಗೆ ಹೊತ್ತು ತಂದಿದ್ದಾಳೆ. ಮಾವನಿಗೆ ಒಳಗೊಳಗೇ ನಗು. ಅವಳ ಬಟ್ಟುಗಳು ಮಂಕಾಗಿ, ಕಂದಾಗಿ, ಹಳೆಯ ಗುಂಡಿಗಳ ಥರ ಕಾಣುತ್ತಿದ್ದವು. ತಮ್ಮ ಕಿಲೋ ಬಟ್ಟನ್ನು ಎಡ ತಟ್ಟೆಯಲ್ಲಿಟ್ಟಾಗ ಅಂಗಡಿಗೇ ಬೆಳಕು ಬಂದಂತಾಯಿತು.

ಹುಡುಗಿ ಅಪ್ಪನ ಬಟ್ಟನ್ನು ಬಲ ತಟ್ಟೆಯಲ್ಲಿಟ್ಟಳು. ದಂಡ ಒಂದೆರಡು ಸಲ ತೂಗಿ ನಿಂತಿತು. ಮಾವನ ಹೊಳೆಯುವ ಬಟ್ಟು ಮೇಲಿತ್ತು.

ನಿನ್ನ ಬಟ್ಟಿಗೆ ಕೊಳೆ ಹತ್ತಿದೆ, ಅದಕ್ಕೇ ಭಾರ, ಅಂದರು ಮಾವ. ಅವಳು ವಾದ ಮಾಡಲಿಲ್ಲ. ಎರಡನೆಯದನ್ನು ಇಟ್ಟಳು. ಮಾವನದು ಮೇಲೆ. ಮೂರನೆಯದು. ಮಾವನದು ಮೇಲೆ. ನಾಲ್ಕನೆಯದೂ ಅಷ್ಟೇ. ಆಮೇಲೆ ಆ ನಾಲ್ಕನ್ನೇ ಒಂದರ ಎದುರು ಒಂದು ಇಟ್ಟು ತೋರಿಸಿದಳು. ಮುಳ್ಳು ನೆಟ್ಟಗೆ ನಿಂತಿತು, ಅಲುಗಲಿಲ್ಲ.

ಮಾವ ಸುಲಭಕ್ಕೆ ಸೋಲುವವರಲ್ಲ. ಈ ಊರಿನ ನಲವತ್ತಾರು ಅಂಗಡಿಯ ಬಟ್ಟುಗಳೂ ನನ್ನ ಬಟ್ಟಿಗೆ ಸರಿಯಾಗಿ ಕೂರುತ್ತವೆ, ನಿಮ್ಮದು ನಾಲ್ಕು, ನಮ್ಮದು ನಲವತ್ತಾರು, ಅಂದರು.

"ಅವನ್ನೆಲ್ಲ ಸರಿ ಮಾಡಿದ್ದು ಯಾರು, ದೊಡ್ಡಪ್ಪ?" ಅಂದಳು ಹುಡುಗಿ, ಮೆತ್ತಗೆ. "ಅವು ನಿಮ್ಮ ಬಾಯಲ್ಲೇ ಮಾತಾಡ್ತವೆ. ನೀವು ಹೇಳಿದ್ದನ್ನೇ ನಿಮಗೆ ತಿರುಗಿ ಹೇಳ್ತವೆ."

ಮಾವ ಕುರ್ಚಿ ಎಳೆದುಕೊಂಡು ಕೂತರು. ಹುಡುಗಿ ಚಿಮಟದಲ್ಲಿ ಸಣ್ಣ ಸಣ್ಣ ತುಂಡುಗಳನ್ನು ಮಾವನ ತಟ್ಟೆಗೆ ಹಾಕುತ್ತಾ ಹೋದಳು. ಕಿಲೋಗೆ ಒಂದು ಗ್ರಾಂ ಮತ್ತು ಚೂರು ಕಡಿಮೆ. ಹತ್ತು ಗ್ರಾಂ ಬಟ್ಟಿಗೆ ಎರಡು ಅಕ್ಕಿಕಾಳಿನಷ್ಟು ಕಡಿಮೆ. ಸಣ್ಣದಾದಷ್ಟೂ ಹೆಚ್ಚು ಸವೆದಿತ್ತು. ಏನು ಹಾಕಿ ಒರೆಸುತ್ತೀರಿ ಅಂತ ಕೇಳಿದಳು. ಮಾವ ಒರೆಸಿದ ಬಟ್ಟೆಗಳ ಗಂಟನ್ನು ತೋರಿಸಿದರು. ಅವಳು ಒಂದನ್ನು ತೆಗೆದು ಬೆಳಕಿಗೆ ಹಿಡಿದಳು. ಆ ಕಪ್ಪು ಕೊಳೆಯಲ್ಲ, ಹಿತ್ತಾಳೆ.

ಹನ್ನೊಂದು ವರ್ಷದ ಶುಕ್ರವಾರಗಳು ಐನೂರ ಎಪ್ಪತ್ತೆರಡು. ಮಾವ ಮನಸ್ಸಲ್ಲೇ ಲೆಕ್ಕ ಹಾಕಿದರು, ಹಾಕದಿರಲು ಅವರಿಂದಾಗಲಿಲ್ಲ. ಬೇರೆಯವರು ಹಾಡುತ್ತಿದ್ದ ಹೊತ್ತಿನಲ್ಲಿ ತಾವು ಒಬ್ಬರೇ ಕೂತು, ಕಣ್ಣಿಗೆ ಕಾಣದಷ್ಟು, ಕಣ್ಣಿಗೆ ಕಾಣದಷ್ಟು, ತಮ್ಮ ತೂಕವನ್ನೇ ಒರೆಸಿ ಹಾಕಿದ್ದರು. ಹೊಳಪು ಹೆಚ್ಚಿದಷ್ಟೂ ತೂಕ ಇಳಿದಿತ್ತು. ಊರಿಗೆ ಊರೇ ಆ ಹೊಳಪನ್ನು ನಂಬಿ, ಹನ್ನೊಂದು ವರ್ಷ ಒಟ್ಟಾಗಿ ತಪ್ಪು ತೂಗಿತ್ತು. ಎಲ್ಲರೂ ಒಂದೇ ತಪ್ಪು ಮಾಡಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಶನಿವಾರ ಬಂದು ತೆಗೆದುಕೊಂಡು ಹೋಗುತ್ತೇನೆ ಅಂತ ಹುಡುಗಿ ಅಪ್ಪನ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟುಹೋದಳು. ಯಾರಿಗೂ ಹೇಳುವುದಿಲ್ಲ, ಹೇಳುವುದು ಬಿಡುವುದು ನಿಮಗೆ ಸೇರಿದ್ದು ಅಂದಳು. ಆ ಮಾತು ಬೈಗುಳಕ್ಕಿಂತ ಭಾರವಾಗಿತ್ತು.

ಬುಧವಾರ ಮಾವ ಪ್ರಾರ್ಥನೆಗೆ ಕೂತರು. ಎದ್ದಾಗ ಒಂದು ಉಪಾಯ ಹೊಳೆದಿತ್ತು. ಅಂಗಡಿಗಳ ಬಟ್ಟುಗಳು ಹೇಗೂ ವರ್ಷಕ್ಕೊಮ್ಮೆ ರಿಪೇರಿಗೆ ಬರುತ್ತವೆ. ಬಂದ ಹಾಗೆ ಒಂದೊಂದನ್ನೇ ಸದ್ದಿಲ್ಲದೆ ಸರಿಪಡಿಸಿದರಾಯಿತು. ವರ್ಷದೊಳಗೆ ಊರೆಲ್ಲ ಸರಿ, ಹೆಸರೂ ಉಳಿಯಿತು, ಯಾರಿಗೂ ನೋವಿಲ್ಲ. ಗುರುವಾರ ಮತ್ತೆ ಪ್ರಾರ್ಥಿಸಿದರು. ಒಂದು ಗ್ರಾಂ ಏನು ಮಹಾ, ಗಾಳಿಗೆ ಅದಕ್ಕಿಂತ ಹೆಚ್ಚು ಹಾರುತ್ತದೆ, ಅನ್ನಿಸಿತು. ಔಷಧಿ ಅಂಗಡಿಯವರು ಪುಡಿ ತೂಗುವ ಸಣ್ಣ ತಕ್ಕಡಿ ನೆನಪಾದಾಗ ಮಾತ್ರ ಕೂತಿರಲಾಗಲಿಲ್ಲ. ಎದ್ದು ಚಪ್ಪಲಿಯವರೆಗೆ ಹೋದರು. ಬಾಗಿಲಲ್ಲಿ ನಿಂತು ನಲವತ್ತು ವರ್ಷದ ಹೆಸರನ್ನು ನೆನೆದರು. ತಿರುಗಿ ಬಂದರು. ಅಂದು ಮೂರು ಸಲ ಹೀಗಾಯಿತು. ಯಾರಿಗೂ ತಕ್ಕಡಿಯ ಬಗ್ಗೆ ಸುಳ್ಳು ಹೇಳದ ಮನುಷ್ಯ, ಒಬ್ಬರೇ ಕೂತಾಗ ತಮಗೆ ತಾವೇ ಎಷ್ಟು ಸಲೀಸಾಗಿ ಹೇಳಿಕೊಳ್ಳುತ್ತಿದ್ದರು ನೋಡಿ.

ರಾತ್ರಿ ಊಟಕ್ಕೆ ಬಡಿಸುವಾಗ ಅತ್ತೆ ಒಲೆಯ ಕಡೆ ತಿರುಗಿದರು. ಅವರಿಗೆ ಹೇಗೋ ಎಲ್ಲ ಗೊತ್ತಾಗಿತ್ತು. ಹುಡುಗಿ ಹೇಳಿರಲಿಲ್ಲ, ಮೇಲೆದ್ದ ತಟ್ಟೆಯೇ ಹೇಳಿತ್ತು.

"ಒಬ್ಬನೇ ಕೂತು ತೂಗಿದ್ರೆ ನೆಪಾನೂ ಬಂಗಾರದ ಹಾಗೆ ತೂಗುತ್ತೆ," ಅಂದರು ಒಲೆಗೆ.

ಶುಕ್ರವಾರ ಆರು ಗಂಟೆ. ನರ್ಸಕ್ಕ ಬಾಗಿಲಲ್ಲಿ ನಿಂತರು. "ಇವತ್ತು ಶುಕ್ರವಾರ, ತಮ್ಮ."

ಮಾವ ಕ್ಯಾಲೆಂಡರ್ ಮಾತು ಎತ್ತಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡರು. ನರ್ಸಕ್ಕ ಏನೂ ಕೇಳಲಿಲ್ಲ. ಕೈಯಲ್ಲಿದ್ದ ಚೀಲವನ್ನು ಇವರ ಕೈಗೆ ಕೊಟ್ಟು ಮುಂದೆ ನಡೆದರು, ಹನ್ನೊಂದು ವರ್ಷದಿಂದ ವಾರ ವಾರ ಮಾವನೇ ಹೊರುತ್ತಿದ್ದರೇನೋ ಅನ್ನುವ ಹಾಗೆ. ಅತ್ತೆ ಹಿಂದೆ ಬಂದರು. ಆ ಸಂಜೆ ಒಲೆಗೂ ಸಮಾಚಾರ ಸಿಗಲಿಲ್ಲ.

ಮಾವನ ಮಂಡಿ ಹಾಳಾಗಿತ್ತು. ಹದಿನೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಹಾಡು ಮುಗಿದು ಕಟಿಂಗ್ ಅಣ್ಣನ ಪ್ರಾರ್ಥನೆ ಶುರುವಾಗಿತ್ತು. ಎಲ್ಲರೂ ಕಣ್ಣು ಮುಚ್ಚಿದ್ದರು. ಮೂವರೂ ಸದ್ದಾಗದಂತೆ ಹಿಂದಿನ ಬೆಂಚಿನಲ್ಲಿ ಕೂತರು. ಮಾವ ಅಭ್ಯಾಸಬಲದಿಂದ ಕೈಗಡಿಯಾರದ ಕಡೆ ನೋಡಿದರು. ಆಮೇಲೆ, ಜೀವನದಲ್ಲಿ ಮೊದಲ ಸಲ, ಆ ಪ್ರಾರ್ಥನೆಯನ್ನು ಕಿವಿಗೊಟ್ಟು ಕೇಳಿದರು.

ಅದು ಉದ್ದವಾಗಿದ್ದುದಕ್ಕೆ ಕಾರಣ ಆಗ ತಿಳಿಯಿತು. ಕಟಿಂಗ್ ಅಣ್ಣ ಜನರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಒಬ್ಬೊಬ್ಬರನ್ನೂ, ಅವರ ನೋವನ್ನೂ, ಅವರ ಮನೆಯವರನ್ನೂ. ಕಂಡಕ್ಟರ್‌ನ ಬೆನ್ನು, ಸೈಕಲ್ ಅಂಗಡಿಯವರ ಅಳಿಯನ ಕೆಲಸ, ಆಸ್ಪತ್ರೆಯಲ್ಲಿರುವ ಒಬ್ಬ ಅಜ್ಜಿಯ ನಿದ್ದೆ. ಅವಸರವಿಲ್ಲ. ತಲೆ ಕೂದಲು ಕತ್ತರಿಸುವಾಗ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಬರುವ ಹಾಗೆ, ಯಾರೂ ಬಿಟ್ಟುಹೋಗದಂತೆ. ಬಂದವರದ್ದು ಮುಗಿದ ಮೇಲೆ ಬಾರದವರದ್ದು ಶುರುವಾಯಿತು.

"ತಂದೇ, ನಮ್ಮ ತಕ್ಕಡಿ ತಮ್ಮ. ಅವನ ಕಣ್ಣನ್ನ ಕಾಪಾಡು, ಸಣ್ಣ ಕೆಲಸ ಅವನದ್ದು. ಕೈ ನಡುಗದ ಹಾಗೆ ನೋಡ್ಕೋ. ಎಡಮಂಡಿ ನೋವಂತೆ, ಮೆಟ್ಟಿಲು ಹತ್ತೋ ಶಕ್ತಿ ಕೊಡು. ಅವತ್ತು ನಾನು ಆಡಿದ ಮಾತನ್ನ ಕ್ಷಮಿಸು. ಅವನಿಲ್ಲದೆ ನಾವು ಒಬ್ಬರು ಕಡಿಮೆ ಇದ್ದೀವಿ."

ದನಿಯಲ್ಲಿ ಏರಿಳಿತವಿರಲಿಲ್ಲ. ಹೊಸದಾಗಿ ನೆನಪಾದ ಹೆಸರನ್ನು ಯಾರೂ ಹಾಗೆ ಹೇಳುವುದಿಲ್ಲ. ಸಾವಿರ ಸಲ ನಡೆದ ದಾರಿಯಲ್ಲಿ ಕಾಲು ತಾನೇ ಹೆಜ್ಜೆ ಇಡುವಂತೆ ಆ ಮಾತುಗಳು ಬಂದವು. ಮುಂದಿನ ಬೆಂಚಿನ ಇಬ್ಬರು, ಕಣ್ಣು ಮುಚ್ಚಿಕೊಂಡೇ, ಸರಿಯಾದ ಜಾಗದಲ್ಲಿ ಆಮೆನ್ ಅಂದರು. ಅವರಿಗೂ ಬಾಯಿಪಾಠವಾಗಿತ್ತು.

ಮಾವನಿಗೆ ಮತ್ತೆ ಆ ಲೆಕ್ಕ ನೆನಪಾಯಿತು. ಐನೂರ ಎಪ್ಪತ್ತೆರಡು ಸಂಜೆ, ತಾವು ಅರ್ಧ ಬಾಗಿಲು ಎಳೆದುಕೊಂಡು ಒಂದೊಂದು ಕಣ ಸವೆಯುತ್ತಿದ್ದ ಅದೇ ಗಳಿಗೆಯಲ್ಲಿ, ಇಲ್ಲಿ ಒಬ್ಬ ಮನುಷ್ಯ ಮಂಡಿಯೂರಿ ತಮ್ಮ ಮಂಡಿಯನ್ನು ನೆನೆಯುತ್ತಿದ್ದ. ಇಷ್ಟು ವರ್ಷ ಒಬ್ಬನೇ ನಿಂತಿದ್ದೇನೆ ಅಂದುಕೊಂಡಿದ್ದರಲ್ಲ, ಒಂದು ವಾರವೂ ಒಬ್ಬರೇ ಇರಲಿಲ್ಲ. ಕೋಣೆ ಅದೇ, ಬೆಂಚು ಅದೇ, ಗಡಿಯಾರ ಅದೇ ಐದು ನಿಮಿಷ ಮುಂದೆ. ಆದರೆ ಬರಿಗಾಲಲ್ಲಿ ನಿಲ್ಲಬೇಕಾದ ಜಾಗಕ್ಕೆ ಬಂದಿದ್ದೇನೆ ಅನ್ನಿಸಿ ಮಾವ ಬೆಂಚಿನ ಕೆಳಗೆ ಮೆಲ್ಲಗೆ ಚಪ್ಪಲಿ ಕಳಚಿದರು.

ಪ್ರಾರ್ಥನೆ ಮುಗಿಯಿತು. ಕಣ್ಣು ತೆರೆದ ಕಟಿಂಗ್ ಅಣ್ಣ ಹಿಂದಿನ ಬೆಂಚಿನ ಕಡೆ ನೋಡಿದರು. ಆಮೇಲೆ, ಎಷ್ಟು ನಿಮಿಷ ಆಯ್ತಪ್ಪಾ, ಅಂತ ಕೇಳಿದರು. ನೋಡಲಿಲ್ಲ ಅಂದರು ಮಾವ. ಅದೇ ಉಸಿರಿಗೆ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟರು. ಪಾಲಿಶ್ ಪುಡಿ, ಕಪ್ಪು ಬಟ್ಟೆ, ಒಂದು ಗ್ರಾಂ, ನಲವತ್ತಾರು ಅಂಗಡಿ, ಬುಧವಾರದ ಉಪಾಯ, ಗುರುವಾರ ಮೂರು ಸಲ ಬಾಗಿಲಿಂದ ವಾಪಸ್ಸು ಬಂದದ್ದು. ನನ್ನೊಬ್ಬನಿಂದ ಹೊಸ್ತಿಲು ದಾಟಲು ಆಗುತ್ತಿಲ್ಲ ಅಂದರು.

ನರ್ಸಕ್ಕ ಮೊದಲು ಔಷಧಿಯ ವಿಷಯ ಕೇಳಿ, ಎರಡು ಅಕ್ಕಿಕಾಳಿನ ಲೆಕ್ಕಕ್ಕೆ ಯಾರ ಜೀವಕ್ಕೂ ಏನೂ ಆಗಿರಲಾರದು ಅಂದರು. ಹಾಗಂತ ಬಿಡುವಂತಿಲ್ಲ ಅಂತಲೂ ಅಂದರು. ಛೀಮಾರಿಗೆ ಕಾದು ಮಾವ ತಲೆ ತಗ್ಗಿಸಿದ್ದರು.

"ನಾಳೆ ಎಷ್ಟು ಹೊತ್ತಿಗೆ ಹೊರಡೋದು?" ಅಂದರು ಕಟಿಂಗ್ ಅಣ್ಣ.

ಅದೊಂದೇ ಪ್ರಶ್ನೆ. ಬೇರೆ ಯಾರೂ ಬೇರೇನೂ ಕೇಳಲಿಲ್ಲ. ಕ್ಷೌರದ ಅಂಗಡಿಗೆ ಶನಿವಾರ ಉಸಿರಾಡಲು ಪುರುಸೊತ್ತಿಲ್ಲದ ದಿನ, ಅದು ಊರಿಗೆಲ್ಲ ಗೊತ್ತು.

ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಮುಂದೆ ಒಂಬತ್ತು ಜನ ನಿಂತಿದ್ದರು. ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದ ತಕ್ಕಡಿ ಹುಡುಗಿ ಆ ಗುಂಪನ್ನು ನೋಡಿ, ಇವರೆಲ್ಲ ಯಾರು ಅಂದಳು. ನಮ್ಮ ಮನೆಯವರು ಅಂದರು ಅತ್ತೆ. ಹುಡುಗಿ ಚೀಲ ಕೆಳಗಿಟ್ಟು ಅಂಗಿಯ ತೋಳು ಮೇಲೇರಿಸಿಕೊಂಡಳು. ಅವಳು ತಂದ ಸರಿಯಾದ ಬಟ್ಟುಗಳನ್ನು ಹಂಚಿಕೊಂಡು ಎರಡು ಗುಂಪಾದರು. ಅವಳ ಜೊತೆ ನರ್ಸಕ್ಕ, ಔಷಧಿ ಅಂಗಡಿಯಿಂದಲೇ ಶುರು. ಮಾವನ ಜೊತೆ ಕಟಿಂಗ್ ಅಣ್ಣ. ಸೈಕಲ್ ಅಂಗಡಿಯವರು ಕೈಗಾಡಿಯಲ್ಲಿ ತಕ್ಕಡಿ, ಅರ, ಸೀಸದ ಡಬ್ಬಿ ಹೇರಿದರು. ಕಂಡಕ್ಟರ್ ಬೆನ್ನಿಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದರು. ಎತ್ತಲು ಆಗುವುದಿಲ್ಲ, ಆದರೆ ಮುಂದೆ ಹೋಗಿ ರೈಟ್ ರೈಟ್ ಅಂತೀನಿ, ಅಂದರು.

ಮೊದಲನೆಯದು ಧಾನ್ಯದ ಅಂಗಡಿ. ಮಾಲೀಕರ ಬಾಯಿ ಊರಿಗೇ ಹೆಸರುವಾಸಿ. ಮಾವ ಎದುರಿಗೆ ನಿಂತರು. ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡರು, ಈ ಸಲ ಅದು ಕೈಕೊಟ್ಟಿತು. ಆಗ ಕಟಿಂಗ್ ಅಣ್ಣ ಒಂದು ಹೆಜ್ಜೆ ಮುಂದೆ ಬಂದು, ಯಜಮಾನ್ರೇ, ನಮ್ಮಿಂದ ಒಂದು ತಪ್ಪಾಗಿದೆ, ನಿಮ್ಮ ಬಟ್ಟುಗಳು ಕಿಲೋಗೆ ಒಂದು ಗ್ರಾಂ ಕಡಿಮೆ ಇವೆ, ಸರಿ ಮಾಡಲು ಬಂದಿದ್ದೇವೆ, ಅಂದರು.

ಮಾಲೀಕರ ಮುಖ ಕೆಂಪಾಯಿತು. ಜನ ನನ್ನನ್ನು ಕಳ್ಳ ಅನ್ನುವುದಿಲ್ಲವೇ, ಮೂರು ತಲೆಮಾರಿನ ಅಂಗಡಿ ಇದು, ಅಂತೆಲ್ಲ ರಸ್ತೆಗೆ ಕೇಳುವಂತೆ ಕೂಗಾಡಿದರು. ಕೊನೆಗೆ ಕಟಿಂಗ್ ಅಣ್ಣನ ಕಡೆ ತಿರುಗಿದರು.

"ನಿಮಗೇನ್ರೀ ಸಂಬಂಧ? ನೀವು ಕತ್ತರಿ ಹಿಡಿಯೋರು."

"ನಾನು ಇವರನ್ನ ಓಡಿಸಿದೋನು, ಯಜಮಾನ್ರೇ. ಆಡಬಾರದ ಮಾತಾಡಿ ಹನ್ನೊಂದು ವರ್ಷ ಒಂಟಿಯಾಗಿ ಕೂರಿಸಿದೋನು. ಆ ಒಂದು ಗ್ರಾಂನಲ್ಲಿ ಅರ್ಧ ನಂದೇ."

ಮಾವ ತಿರುಗಿ ನೋಡಿದರು. ಹಾಸ್ಯವಲ್ಲ. ಅಣ್ಣನ ಮುಖದಲ್ಲಿ ಅದರ ಸುಳಿವೂ ಇರಲಿಲ್ಲ. ಆಗ ಮಾವನಿಗೆ ಮಾತು ಬಂತು. ಪೂರ್ತಿ ನನ್ನದೇ, ಉಜ್ಜಿದ ಕೈ ಇದು, ಅಂತ ಬಲಗೈ ಮುಂದೆ ಚಾಚಿದರು. ಬೈಯಲು ಹೊರಟಿದ್ದ ಮಾಲೀಕರು, ಒಂದು ತಪ್ಪಿಗೆ ಇಬ್ಬರು ಪಾಲು ಕೇಳುವುದನ್ನು ಹಿಂದೆಂದೂ ನೋಡಿರಲಿಲ್ಲವೇನೋ, ಸುಮ್ಮನೆ ಒಳಗೆ ಹೋಗಿ ಬಟ್ಟುಗಳನ್ನು ತಂದು ಮುಂದಿಟ್ಟರು.

ಎರಡನೆಯ ಅಂಗಡಿಯಿಂದ ಮಾವನೇ ಮಾತಾಡಿದರು. ಆದರೆ ಪ್ರತಿ ಅಂಗಡಿಯಲ್ಲೂ ಪಕ್ಕದಲ್ಲಿ ಇನ್ನೊಂದು ಭುಜವಿತ್ತು. ಹಣ್ಣಿನ ಅಂಗಡಿಯ ಅಮ್ಮ ಎಲ್ಲ ಕೇಳಿ, ಈ ವಾರವೆಲ್ಲ ಬಂದವರಿಗೆ ಒಂದು ಹಣ್ಣು ಮೇಲೆ ಹಾಕುತ್ತೇನೆ ಬಿಡು ಅಂದರು. ಔಷಧಿ ಅಂಗಡಿಯವರು ಬಟ್ಟುಗಳನ್ನು ಮುಂದಿಟ್ಟು, ಕೆಲಸ ಮುಗಿಯುವವರೆಗೆ ಬೆನ್ನು ತಿರುಗಿಸಿ ನಿಂತಿದ್ದರಂತೆ. ಶನಿವಾರ ಸಂಜೆಗೆ ಮೂವತ್ತೊಂದು ಅಂಗಡಿ, ಸೋಮವಾರ ಉಳಿದ ಹದಿನೈದು. ಕೊನೆಯ ಅಂಗಡಿಯ ಮುಂದೆ ಮಾವನ ಮಂಡಿ ಸೋತುಹೋಯಿತು. ಸೈಕಲ್ ಅಂಗಡಿಯವರು ಅವರನ್ನು ಕೈಗಾಡಿಯಲ್ಲೇ ಕೂರಿಸಿ ತಳ್ಳಿಕೊಂಡು ಬಂದರು. ಕಂಡಕ್ಟರ್ ಮುಂದೆ ನಿಂತು ಸ್ಟಾಪ್ ಸ್ಟಾಪಿಗೂ ಸೀಟಿ ಹೊಡೆದರು. ಊರು ನಕ್ಕಿತು. ಈ ಸಲ ಮಾವನೂ ನಕ್ಕರು.

ಎಲ್ಲವೂ ಸುಖಾಂತ ಅಂದರೆ ಸುಳ್ಳಾಗುತ್ತದೆ. ಔಷಧಿ ಅಂಗಡಿ ಸೇರಿ ಐದು ಅಂಗಡಿಯವರು ಮತ್ತೆ ಮಾವನ ಬಾಗಿಲಿಗೆ ಬರಲಿಲ್ಲ. ಊರಿನ ಹಳೆಯ ಮಾತೂ ಹೋಯಿತು. ಈಗ ಅವರ ಹೆಸರು ಒಂದು ಗ್ರಾಂ ಮಾವ. ಹೊಸದರಲ್ಲಿ ಯಾರಾದರೂ ಹಾಗೆ ಕರೆದರೆ ಅತ್ತೆ ಮುಖ ಊದಿಸುತ್ತಿದ್ದರು. ಮಾವ ಮಾತ್ರ, ಸರಿಯಾಗೇ ತೂಗಿದ್ದಾರೆ ಬಿಡು, ಅನ್ನುತ್ತಿದ್ದರು.

ಮಾವನ ಆ ಹಿತ್ತಾಳೆ ಕಿಲೋ ಬಟ್ಟಿನ ಮೇಲಿನ ಗುಂಡಿಯನ್ನು ತಿರುಗಿಸಿ ತೆಗೆದರೆ ಒಳಗೆ ಸಣ್ಣ ಟೊಳ್ಳಿದೆ. ಕಡಿಮೆಯಾದದ್ದನ್ನು ತುಂಬಲು ಮಾಡಿದ್ದು. ಮುಂದಿನ ಶುಕ್ರವಾರ ಕೂಟ ಮುಗಿದ ಮೇಲೆ ಅದೇ ಕೋಣೆಯಲ್ಲಿ, ನಾಲ್ಕೂ ಊರಿನ ರಿಪೇರಿಯವರ ಎದುರು, ಅದನ್ನು ತುಂಬಿದರು. ಸೀಸ ಸೈಕಲ್ ಅಂಗಡಿಯದು. ಕಟಿಂಗ್ ಅಣ್ಣನ ಕತ್ತರಿಯಲ್ಲಿ ಚೂರು ಮಾಡಿ, ನರ್ಸಕ್ಕನ ಚಿಮಟದಲ್ಲಿ ಹಿಡಿದು, ಒಂದೊಂದಾಗಿ. ಮುಳ್ಳು ನೆಟ್ಟಗೆ ನಿಂತಾಗ ಇಡೀ ಕೋಣೆ ಉಸಿರು ಹಿಡಿದಿತ್ತು, ಗಾಜಿನ ಪೆಟ್ಟಿಗೆಯೇ ಬೇಕಾಗಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಬಟ್ಟನ್ನು ಎತ್ತಿದ ಮಾವ ತುಂಬ ಹೊತ್ತು ಕೆಳಗಿಡಲಿಲ್ಲ. ಇದರೊಳಗೆ ಈಗ ನೀವಿದ್ದೀರಿ, ಅಂದರು. ಅವರು ಹೆಚ್ಚು ಮಾತಾಡುವವರಲ್ಲ.

ಈಗ ಅದನ್ನು ಯಾರೂ ಉಜ್ಜುವುದಿಲ್ಲ. ಮಂಕಾಗಿದೆ, ಕಂದಾಗಿದೆ, ಮುಖ ಕಾಣುವುದಿಲ್ಲ. ತೂಕ ಮಾತ್ರ ಸರಿಯಾಗಿದೆ. ವರ್ಷಕ್ಕೊಮ್ಮೆ ಐದೂ ಪೆಟ್ಟಿಗೆಗಳು ಆ ಕೋಣೆಗೇ ಬರುತ್ತವೆ.

ನಾನು ಎಷ್ಟು ಹೇಳಿದರೂ ಇದು ಕೇಳಿದ ಕಥೆಯೇ. ಒಂದು ಕೆಲಸ ಮಾಡಿ, ನೀವೇ ಹೋಗಿ ನೋಡಿ. ಶುಕ್ರವಾರ ಆರೂವರೆ, ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲು. ಏಳನೆಯದರಲ್ಲಿ ಜೋಪಾನ. ಹಿಂದಿನ ಬೆಂಚಿನಲ್ಲಿ ಬಲಗಡೆ ಕೂತಿರುವವರೇ ಮಾವ, ಪಕ್ಕದಲ್ಲಿ ಜಾಗ ಬಿಟ್ಟಿರುತ್ತಾರೆ. ಹೋದ ಕೂಡಲೇ ನಿಮ್ಮ ಹೆಸರು, ಎಲ್ಲಿ ನೋವು ಅಂತ ಕಟಿಂಗ್ ಅಣ್ಣನಿಗೆ ಹೇಳಿಬಿಡಿ. ಮತ್ತೆ ನೀವು ಬಂದರೂ ಬಾರದಿದ್ದರೂ ಅವರು ಅದನ್ನು ಬಿಡುವುದಿಲ್ಲ. ಪ್ರಾರ್ಥನೆ ಉದ್ದವಿರುತ್ತದೆ. ಕೈಗಡಿಯಾರವನ್ನು ಮನೆಯಲ್ಲೇ ಬಿಟ್ಟು ಹೋಗಿ.